ರಕ್ತಪಿಶಾಚಿಯ ಕಣ್ಣು

ಟಿ.ವಿ.ಯಲ್ಲಿ ಬಿಳಿ ನಿಲುವಂಗಿಯ ಹೆಂಗಸು ತನ್ನ ಗಂಡನ ಕತ್ತಿಗೇ ಹಲ್ಲಿಳಿಸಿದಳು. ಬಡವನಹಳ್ಳಿಯ ವಿಡಿಯೊ ಹಾಲಿನಲ್ಲಿ ಮ್ಯಾಟಿನಿಗೆ ಕೂತಿದ್ದವರೆಲ್ಲ ಕೇಕೆ ಹಾಕಿ ನಕ್ಕರು. ಎಂಬತ್ತರ ದಶಕದ ಮಾತು. ಅದು ಕೊರಿಯಾದ ಸಿನಿಮಾ, ಭಾಷೆ ಯಾರಿಗೂ ತಿಳಿಯದು. ಮೇಷ್ಟರಲ್ಲವೇ ಎಂದು ಮೈಕ್ ಹಿಡಿದು ಕತೆ ಹೇಳುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನನಗೂ ಆ ಭಾಷೆ ಬಾರದು, ಊಹಿಸಿಕೊಂಡು ಹೇಳುತ್ತಿದ್ದೆ. “ಇವಳು ಕರುಣೆಯಿಲ್ಲದ ರಾಕ್ಷಸಿ, ಸಿನಿಮಾ ಬರೀ ರಕ್ತದ ಓಕುಳಿ” ಎಂದು ತೀರ್ಪನ್ನೂ ಕೊಟ್ಟುಬಿಟ್ಟೆ.

ಮುಂದಿನ ಚಾಪೆಯಲ್ಲಿದ್ದ ಮುದುಕ, ಕುರಿ ಕಾಯುವವನು, ಹೆಗಲ ಕಂಬಳಿ ಸರಿಪಡಿಸಿಕೊಂಡು ಎದ್ದು ನಿಂತ.

“ಮೇಷ್ಟ್ರೇ, ಕಚ್ಚುವಾಗ ಆವಮ್ಮ ಕಣ್ಣು ಮುಚ್ಕಂಡ್ಳು, ನೋಡ್ಲಿಲ್ವಾ? ತ್ವಾಳ ಕುರಿ ಕತ್ತಿಗೆ ಬಾಯಿ ಹಾಕ್ದಾಗ ಕಣ್ಣು ಮುಚ್ಚಾಕಿಲ್ಲ. ನಾನು ಎದುರುಗೇ ನಿಂತು ಕಂಡಿವ್ನಿ. ಇವ್ಳಿಗೆ ಇನ್ನೂ ಮನುಸ್ರ ನಾಚ್ಕೆ ಐತೆ ಬುಡಿ.”

ನಗು ನಿಂತಿತು. ನಾನು ಮೈಕ್ ಆರಿಸಿ ಅವನ ಪಕ್ಕ ಚಾಪೆಯ ಮೇಲೆ ಕೂತೆ.

ಆಮೇಲೆ ಪತ್ರಿಕೆಗಳಲ್ಲಿ ಎಷ್ಟೋ ವಿಮರ್ಶೆ ಓದಿದ್ದೇನೆ, ಅಂಥದ್ದು ಸಿಕ್ಕಿಲ್ಲ. ಅಂದು ನಾವೆಲ್ಲ ಅವಳ ಹಲ್ಲನ್ನೇ ನೋಡುತ್ತಿದ್ದೆವು. ಆತನೊಬ್ಬ ಕಣ್ಣು ನೋಡಿದ್ದ.