ಗಂಗಮ್ಮ ಕಲಿಸಿದ ಯಂತ್ರ

ಶಿಕಾರಿಪುರದಲ್ಲಿ ಪಂಪ್‌ಸೆಟ್ ಸ್ಟಾರ್ಟರಿಗೆ ಸರ್ಕ್ಯೂಟ್ ಬೋರ್ಡ್ ಮಾಡುವ ಸಣ್ಣ ಘಟಕಕ್ಕೆ, ಕ್ಯಾಮೆರಾದಿಂದ ಬೋರ್ಡ್ ತಪಾಸಣೆ ಮಾಡುವ ಯಂತ್ರ ಕೂಡಿಸಲು ಹೋಗಿದ್ದೆ. ಅಲ್ಲಿಯವರೆಗೆ ಆ ಕೆಲಸವನ್ನು ಬರಿಗಣ್ಣಲ್ಲೇ ಮಾಡುತ್ತಿದ್ದವರು ಹೊಸಬಾಳೆಯ ಗಂಗಮ್ಮ.

ಯಂತ್ರ ಒಳ್ಳೆಯ ಬೋರ್ಡನ್ನೂ ಕೆಟ್ಟದ್ದೆಂದು ತಳ್ಳತೊಡಗಿತು. ಹೋಲಿಸಿ ನೋಡಲು ಅದರ ಲೈಬ್ರರಿಯಲ್ಲಿ ಕೂಡಿಟ್ಟಿದ್ದ ಮಾದರಿ ಚಿತ್ರಗಳಲ್ಲಿ ಬಿಡಿಭಾಗಗಳ ಬಣ್ಣ ಕಂದು, ಇಲ್ಲಿಯವು ಬೂದು. ತಮ್ಮ ಕೆಲಸ ಉಳಿಯಿತೆಂದು ಗಂಗಮ್ಮನಿಗೆ ಖುಷಿಯಾಗಿರಬೇಕು ಅಂದುಕೊಂಡೆ.

"ಹೆಂಗಾದ್ರೂ ಮಾಡಿ ಕಲಿಸ್ರೀ ಅದಕ್ಕೆ," ಅಂದರು. "ಅದು ಕಲಿತ್ರೆ ನನ್ನನ್ನ ಪ್ಯಾಕಿಂಗಿಗೆ ಹಾಕ್ತಾರಂತೆ. ಸಂಜೆ ಆದ್ರೆ ಕಣ್ಣು ಉರಿತಾವೆ."

ಅವರು ಒಂದೊಂದೇ ಭಾಗ ಆರಿಸಿಕೊಟ್ಟರು, ನಾನು ಚಿತ್ರ ತೆಗೆದು ಲೈಬ್ರರಿಗೆ ಸೇರಿಸಿದೆ. ಸಂಜೆಯ ಹೊತ್ತಿಗೆ ಯಂತ್ರ ಒಳ್ಳೆಯ ಬೋರ್ಡುಗಳನ್ನು ಪಾಸು ಮಾಡಿತು, ಪರೀಕ್ಷಿಸಲು ನಾವು ಬೇಕೆಂದೇ ತಿರುಗಿಸಿಟ್ಟ ಭಾಗವನ್ನು ಹಿಡಿಯಿತು.

ಗಂಗಮ್ಮ ನಕ್ಕು, ತಮ್ಮ ಟವೆಲನ್ನು ಯಂತ್ರದ ಮೇಲೆ ಹೊದಿಸಿದರು.

"ಪಾಪ, ದಣಿದೈತೆ."

ದಿನವಿಡೀ ಪರದೆ ದಿಟ್ಟಿಸಿದ ನನ್ನನ್ನು ಮಾತ್ರ ದಣಿವಾಯಿತೇ ಎಂದು ಯಾರೂ ಕೇಳಲಿಲ್ಲ.