ಒಂದೇ ಗಂಗಾಳದ ಮನೆಯಿಂದ ಹೊರಟ ಟ್ರಿಪ್ಪುಗಳು

ಟ್ರಿಪ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗಲೂ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಸಿಂಗಾಪುರದ ಪಾಸಿರ್ ಪಂಜಾಂಗಿನ ನಮ್ಮ ಆಫೀಸಿನಲ್ಲಿ ರಜೆ ಮುಗಿಸಿ ಬಂದವರೆಲ್ಲ ಬಾಲಿ, ಬಾತಾಮ್ ಎಂದು ಫೋನನ್ನು ಮುಖದ ಮುಂದೆ ಹಿಡಿಯುತ್ತಾರೆ. ಚೆನ್ನಾಗಿದೆ ಎಂದು ಹೇಳಿ ನಾನು ನನ್ನ ಹಡಗಿನ ಕಂಟೇನರುಗಳ ಕಾಗದಪತ್ರಕ್ಕೆ ವಾಪಸಾಗುತ್ತೇನೆ. ಹಿಂದೊಂದು ಡಿಸೆಂಬರಿನಲ್ಲಿ ಮರಳುಗಾಡಿನ ಒಂದು ಊರಿನಿಂದ ದಿನಕ್ಕೊಂದರಂತೆ ಐದು ಟ್ರಿಪ್ ಮಾಡಿದ್ದೇನೆ. ಈ ಜನ್ಮಕ್ಕೆ ಅಷ್ಟು ಸಾಕು.

ಆ ಊರಿನಲ್ಲಿ ನನ್ನ ಗಂಡ ಕೆಲಸಕ್ಕಿದ್ದರು. ಸಿಂಗಾಪುರದಲ್ಲಿ ಅವರ ಕಂಪನಿ ಇಡೀ ವಿಭಾಗವನ್ನೇ ಮುಚ್ಚಿದಾಗ ಅವರಿಗೆ ಐವತ್ತು ದಾಟಿತ್ತು. ಆರು ತಿಂಗಳು ಇಂಟರ್‌ವ್ಯೂ, ಇಂಟರ್‌ವ್ಯೂ ಎಂದು ಓಡಾಡಿದರು. ಕೊನೆಗೆ ಕೊಲ್ಲಿ ದೇಶದ ಆ ಪ್ರವಾಸಿ ಊರಿನ ದೊಡ್ಡ ಹೋಟೆಲೊಂದರಲ್ಲಿ ಎ.ಸಿ. ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. "ಒಂದೇ ವರ್ಷ. ಅಷ್ಟರೊಳಗೆ ಇಲ್ಲೇ ಏನಾದ್ರೂ ಹುಡುಕ್ತೀನಿ" ಎಂದು ಹೇಳಿ ಹೋದರು. ಬುಕಿತ್ ಬಾಟೋಕಿನ ಮನೆಯಲ್ಲಿ ನಾನು, ಹೈಸ್ಕೂಲಿನ ಮಗಳು ಮತ್ತು ಅತ್ತೆ ಉಳಿದೆವು.

ವರ್ಷ ಮುಗಿಯಿತು. ಅದರ ಮೇಲೂ ತಿಂಗಳುಗಳು ಹೋದವು. ವಾಪಸ್ ಯಾವಾಗ ಎಂದು ಕೇಳಿದ ಕೂಡಲೇ ಫೋನಿನಲ್ಲಿ ಸಿಗ್ನಲ್ ಹೋಗುತ್ತಿತ್ತು. ಅಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದರೆ ಮಾತ್ರ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ. ಮಗಳಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಂಥ ಓ ಲೆವೆಲ್ ಪರೀಕ್ಷೆ, ಅವಳನ್ನು ನಡುವೆ ಕಿತ್ತುಕೊಂಡು ಹೋಗುವಂತಿರಲಿಲ್ಲ. ಅವರು ಬರುತ್ತಾರೋ ಇಲ್ಲವೋ, ನನಗೆ ಬೇಕಾಗಿದ್ದದ್ದು ಅದೊಂದೇ ಉತ್ತರ. ಜಗಳವಾಡಿ ಜಗಳವಾಡಿ ಕೊನೆಗೆ ಅವರೇ, "ಡಿಸೆಂಬರ್ ರಜಾಕ್ಕೆ ಎಲ್ರೂ ಬಂದ್ಬಿಡಿ, ಎದುರಿಗೆ ಕೂತು ಮಾತಾಡೋಣ" ಎಂದರು.

ಅತ್ತೆ ಬಾಗಲಕೋಟೆ ಕಡೆಯವರು. ಬುತ್ತಿ ಕಟ್ಟಿಕೊಳ್ಳದೆ ಹೊಸ್ತಿಲು ದಾಟಿದವರಲ್ಲ. ಹೊರಡುವುದಕ್ಕೆ ವಾರಗಳ ಮುಂಚೆಯೇ ಲಿಟಲ್ ಇಂಡಿಯಾದಿಂದ ಜೋಳದ ಹಿಟ್ಟು ತರಿಸಿ ಖಡಕ್ ರೊಟ್ಟಿ ಮಾಡಿ ಪೇರಿಸಿಟ್ಟರು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಉಪ್ಪಿನಕಾಯಿ ಎಲ್ಲ ಸೇರಿ ಒಂದು ಸೂಟ್‌ಕೇಸೇ ಆಯಿತು. ಅಲ್ಲಿ ಎಲ್ಲ ಸಿಗುತ್ತದೆ ಎಂದೆ. "ಸಿಗತೈತಿ, ಆದ್ರ ಅದು ನಂದಲ್ಲ" ಎಂದರು.

ಏರ್‌ಪೋರ್ಟಿನಲ್ಲಿ ಗಂಡನನ್ನು ಕಂಡಾಗ ಒಂದು ಕ್ಷಣ ಗುರುತು ಹತ್ತಲಿಲ್ಲ. ಇಳಿದುಹೋಗಿದ್ದರು, ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾರು ಹತ್ತಿ ಇನ್ನೂ ಬೆಲ್ಟ್ ಹಾಕಿಕೊಂಡಿಲ್ಲ, ಅಷ್ಟರಲ್ಲೇ, "ಐದೂ ದಿನ ಟೂರ್ ಬುಕ್ ಮಾಡ್ಬಿಟ್ಟಿದೀನಿ. ಬೆಳಿಗ್ಗೆ ಹೋಗೋದು, ಸಂಜೆ ವಾಪಸ್" ಎಂದರು. ಮಗಳು ಕುಣಿದಳು. ನಾನೂ ಖುಷಿಯಾದಂತೆ ಮುಖ ಮಾಡಿದೆ.

ಅವರ ಮನೆ ಎಂದರೆ ಹೋಟೆಲಿನ ನೌಕರರ ಕಟ್ಟಡದಲ್ಲಿ ಒಂದು ಕೋಣೆ, ಒಂದು ಮೂಲೆಯಲ್ಲಿ ಅಡುಗೆಯ ಕಟ್ಟೆ. ಸಿಂಕಿನ ಪಕ್ಕ ಒಂದು ಗಂಗಾಳ, ಒಂದು ಲೋಟ, ಒಂದು ಚಮಚ ತೊಳೆದು ಬೋರಲು ಹಾಕಿದ್ದರು. ಊಟದ ತಟ್ಟೆಗೆ ನಮ್ಮ ಕಡೆ ಗಂಗಾಳ ಅನ್ನುತ್ತೇವೆ. ಅತ್ತೆ ಅದನ್ನು ಎತ್ತಿ ನೋಡಿ ಮತ್ತೆ ಬೋರಲು ಇಟ್ಟರು. ಆಮೇಲೆ ರೊಟ್ಟಿಯ ಸೂಟ್‌ಕೇಸ್ ಬಿಚ್ಚತೊಡಗಿದರು. ಅವತ್ತು ನಾವು ಪೇಪರ್ ಪ್ಲೇಟಿನಲ್ಲಿ ಉಂಡೆವು.

ಮೊದಲ ದಿನ ಮರಳಿನ ದಿಬ್ಬಗಳು. ಜೀಪು ಹತ್ತುವುದು, ಬೀಳುವುದು, ಮತ್ತೆ ಹತ್ತುವುದು. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಬಾಯಿಗೊತ್ತಿಕೊಂಡು, "ಲೇ ತಮ್ಮಾ, ಇಳಸೋ ನನ್ನ! ರೊಕ್ಕಾ ಕೊಟ್ಟು ಯಾರರ ಒದಿಸಿಕೋತಾರೇನೋ?" ಎಂದು ಕೂಗುತ್ತಿದ್ದರು. ಎರಡನೆಯ ದಿನ ಖರ್ಜೂರದ ತೋಟ. ತಣ್ಣಗೆ ಹರಿಯುವ ಕಾಲುವೆಯಲ್ಲಿ ಕಾಲಿಟ್ಟು ಕೂತಿದ್ದ ಒಂದು ಗಳಿಗೆ ಮಾತ್ರ ನನಗೆ ಹಿಡಿಸಿತು. ಅಷ್ಟರಲ್ಲಿ ವ್ಯಾನಿನವನು ಹಾರ್ನ್ ಹೊಡೆದ. ಮೂರನೆಯ ದಿನ ಬೋಳು ಗುಡ್ಡ, ಅದರ ತಲೆಯ ಮೇಲೆ ಖಾಲಿ ಕೋಟೆ. ನಾಲ್ಕನೆಯ ದಿನ ಕಣ್ಣು ಕುಕ್ಕುವ ಉಪ್ಪಿನ ಬಯಲು, ಅದರಲ್ಲಿ ನೋಡುವುದು ಏನು ಎಂದು ಈವರೆಗೂ ನನಗೆ ತಿಳಿದಿಲ್ಲ. ಎಲ್ಲೇ ಹೋಗಲಿ, ಗೈಡಿಗಿಂತ ಮುಂಚೆ ನನ್ನ ಗಂಡನೇ ವಿವರಿಸುತ್ತಿದ್ದರು. ಸಂಜೆ ಮನೆ ಸೇರಿದರೆ ಕೂತಲ್ಲೇ ಗೊರಕೆ.

ಈ ಮನುಷ್ಯ ಸಿಂಗಾಪುರದಲ್ಲಿದ್ದ ಅಷ್ಟು ವರ್ಷ ಹೇಗಿದ್ದರೆಂದು ನನಗೆ ಗೊತ್ತು. ಭಾನುವಾರ ಎಂಆರ್‌ಟಿ ರೈಲು ಹತ್ತಿ ಸೆರಂಗೂನ್ ರಸ್ತೆ, ದೇವಸ್ಥಾನ, ತರಕಾರಿ, ಒಂದು ಮಸಾಲೆ ದೋಸೆ, ಮನೆ. ದೋಣಿಯಲ್ಲಿ ಹತ್ತು ನಿಮಿಷದ ಉಬಿನ್ ದ್ವೀಪಕ್ಕೆ ಹೋಗೋಣವೆಂದು ಕೇಳಿ ಕೇಳಿ ನನ್ನ ನಾಲಿಗೆ ಸವೆದಿತ್ತು. "ಅಲ್ಲೇನಿದೆ? ಬರೀ ಸೊಳ್ಳೆ" ಎನ್ನುತ್ತಿದ್ದರು. ಅಂಥವರು ಈಗ ಕೋಟೆಯ ಗೋಡೆ ಎಷ್ಟು ದಪ್ಪವಿದೆ ಎಂದು ನನಗೆ ತೋರಿಸುತ್ತಿದ್ದಾರೆ!

ನಾಲ್ಕನೆಯ ಸಂಜೆ ಮಗಳು ಶೂ ಬಿಚ್ಚಿ ಮರಳು ಸುರಿಯುತ್ತ, "ಅಪ್ಪಾ, ನಾಳೆ ಮನೇಲೇ ಇರೋಣ ಲಾ. ಎವ್ರಿಡೇ ಟೂರ್, ಸೋ ಟಯರ್ಡ್" ಎಂದಳು, ಸಿಂಗಾಪುರದ ಹುಡುಗರ ಧಾಟಿಯಲ್ಲಿ.

"ನಾನೇನೂ ಅವಾಯ್ಡ್ ಮಾಡ್ತಿಲ್ಲಪ್ಪ" ಎಂದರು ಅವರು, ಫಕ್ಕನೆ.

ಅವಾಯ್ಡ್ ಮಾಡುತ್ತೀರೆಂದು ಅವಳೆಲ್ಲಿ ಹೇಳಿದ್ದಳು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ನನಗೆ ಆಗ ಪೂರ್ತಿ ಅರ್ಥವಾಯಿತು. ಕುದುರೆಯಂತೆ ಕುಣಿಯುವ ಜೀಪಿನಲ್ಲಿ ಯಾರೂ ಸಂಸಾರದ ಮಾತಾಡುವುದಿಲ್ಲ. ಸುಸ್ತಾಗಿ ಬಂದವರು ಪ್ರಶ್ನೆ ಕೇಳುವುದಿಲ್ಲ. ಮಗಳು ಸ್ನಾನಕ್ಕೆ ಹೋದ ಮೇಲೆ ನಾನು ನೇರವಾಗಿ ಕೇಳಿದೆ.

"ರೀ, ಏನ್ ಡಿಸೈಡ್ ಮಾಡಿದ್ರಿ?"

"ನಾಳೆ ಬೇಗ ಏಳ್ಬೇಕು. ಮಲ್ಕೋ."

ಹೊರಗೆ ಇನ್ನೂ ಸೂರ್ಯ ಮುಳುಗಿರಲಿಲ್ಲ. ಕೂಗಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ. ಬಟ್ಟೆಯೊಳಗೆ, ಕೂದಲೊಳಗೆ, ಹಲ್ಲಿನ ಸಂದಿಯಲ್ಲಿ ಸಹ ಮರಳು ಕರಕರ ಎನ್ನುತ್ತಿತ್ತು.

ಐದನೆಯ ದಿನ ಒಂಟೆಗಳಿರುವ ಯಾವುದೋ ಜಾಗಕ್ಕೆ ಹೊರಟಿದ್ದೆವು. ಮಧ್ಯಾಹ್ನದ ಊಟಕ್ಕೆಂದು ಡ್ರೈವರ್ ಒಂದು ಒಂಟಿ ಮರದ ಕೆಳಗೆ ಗಾಡಿ ನಿಲ್ಲಿಸಿದ. ಟೂರಿನವರ ಊಟವೆಂದರೆ ಸುಟ್ಟ ಮಾಂಸ, ಆದ್ದರಿಂದ ನಮಗೆ ದಿನವೂ ಬುತ್ತಿಯೇ. ಅತ್ತೆ ಗಂಟು ಹಿಡಿದು ಇಳಿದವರು ಮರದ ಕಡೆ ನೋಡಿ ನಿಂತುಬಿಟ್ಟರು. ಹತ್ತಿರ ಹೋದರು. ಜೋತುಬಿದ್ದ ಕೊಂಬೆಯ ಮುಳ್ಳನ್ನು ಮುಟ್ಟಿದರು, ಸಣ್ಣ ಎಲೆಗಳನ್ನು ಬೆರಳಿಂದ ಸವರಿದರು. ಆಮೇಲೆ ಚಪ್ಪಲಿ ಬಿಟ್ಟರು.

"ಬನ್ನಿ ಗಿಡ ಐತಲ್ಲೋ ಇದು!"

ನಾವು ಯಾರೂ ನಂಬಲಿಲ್ಲ. ಮಗಳು ಫೋನಿನಲ್ಲಿ ಹುಡುಕಿ ನೋಡಿ, ಹೌದು, ಅದೇ ಮರ ಎಂದಳು. ಗಂಡ ತಲೆ ಕೆರೆದುಕೊಂಡರು. "ನಮ್ಮ ಹೋಟೆಲ್ ಗೇಟಲ್ಲೇ ಎರಡಿವೆ. ದಿನಾ ನೋಡ್ತೀನಿ, ಗೊತ್ತೇ ಆಗ್ಲಿಲ್ಲ" ಎಂದರು.

ದಸರೆಯಲ್ಲಿ ನಮ್ಮ ಕಡೆ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುತ್ತೇವೆ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಮಾತು ಬಿಟ್ಟ ದಾಯಾದಿಗಳೂ ಆ ದಿನ ಎಲೆ ಹಿಡಿದು ಬರುತ್ತಾರೆ, ಬಂದವರಿಗೆ ಬಾಗಿಲು ಹಾಕುವಂತಿಲ್ಲ. ಸಿಂಗಾಪುರದಲ್ಲಿ ನಾವು ಊರಿಂದ ಬಂದವರ ಬ್ಯಾಗಿನಲ್ಲಿ ಬಂದ ಒಣಗಿದ ಎಲೆಗಳಲ್ಲೇ ಹಬ್ಬ ಮುಗಿಸುತ್ತಿದ್ದೆವು. "ಪಾಕೀಟಿನ ಬಂಗಾರ" ಎಂದು ಅತ್ತೆ ಪ್ರತಿವರ್ಷ ಮೂಗು ಮುರಿಯುತ್ತಿದ್ದರು. ಆ ವರ್ಷದ ದಸರೆಗೆ ನನ್ನ ಗಂಡ ವಾಟ್ಸ್ಯಾಪಿನಲ್ಲಿ ಒಂದು ಎಲೆಯ ಚಿತ್ರ ಕಳಿಸಿದ್ದರು, ಅಷ್ಟೇ.

ಅತ್ತೆ ಕೊಂಬೆಗೆ ಕೈ ಹಾಕಿದಾಗ ಡ್ರೈವರ್ ಓಡಿಬಂದು, ಈ ಮರ ಮುರಿಯಬಾರದು, ದಂಡ ಹಾಕುತ್ತಾರೆ ಎಂದು ಹಿಂದಿಯಲ್ಲಿ ಹೇಳಿದ. ಅತ್ತೆ ತಲೆಯಾಡಿಸಿ, ಕುಕ್ಕರುಗಾಲಿನಲ್ಲಿ ಕೂತು, ಮರಳಿನ ಮೇಲೆ ಉದುರಿದ್ದ ಎಲೆಗಳನ್ನೇ ಆರಿಸಿ ಸೆರಗಿಗೆ ಹಾಕಿಕೊಂಡರು. ಮರ ಸುತ್ತಿ ಬಂದು ನಮ್ಮೆಲ್ಲರ ಕೈಗೂ ಒಂದಿಷ್ಟು ಸುರಿದರು.

"ಅತ್ತಿ, ಈಗ ದಸರಾ ಎಲ್ಲಿದೆ?" ಎಂದೆ. ನನಗೆ ಹಸಿವಾಗಿತ್ತು.

"ದಸರಾದಾಗ ಅಂವ ಇಲ್ಲಿ, ನಾವು ಅಲ್ಲಿ. ಅದ್ಯಾತರ ಹಬ್ಬ? ಮಂದಿ ಕೂಡಿದ ದಿನಾನ ಹಬ್ಬ. ಕೊಡ್ರಿ ಒಬ್ಬರಿಗೊಬ್ಬರು."

ಮಗಳು ಅಜ್ಜಿಗೆ ಕೊಟ್ಟು ಕಾಲು ಮುಟ್ಟಿದಳು. ನಾನೂ ಮುಟ್ಟಿದೆ. ಗಂಡ ಅವರಮ್ಮನಿಗೆ ಕೊಟ್ಟು ಎದ್ದು ನನ್ನ ಕಡೆ ತಿರುಗಿದರು. ಆ ಹೊತ್ತಿಗೆ ಹೇಳುವ ಮಾತೊಂದು ಇದೆ, ಅದನ್ನು ನಾವು ಯೋಚಿಸದೆ ಹೇಳುತ್ತೇವೆ. ಅವರೂ ಹಾಗೇ ಶುರು ಮಾಡಿದರು.

"ಬನ್ನಿ ತಗೊಂಡು ಬಂಗಾರದಂಗ..."

ಕೊನೆಯ ‘ಇರೋಣ’ ಬಾಯಿಂದ ಬರಲಿಲ್ಲ. ಕೈ ಚಾಚಿದಂತೆಯೇ ಇತ್ತು. ನಾನು ಕಾದೆ.

"ಸೈನ್ ಮಾಡೀನಿ" ಎಂದರು. ಸಿಂಗಾಪುರದಲ್ಲಿ ಬೆಂಗಳೂರಿನವರಂತೆ ಮಾತಾಡುವ ಮನುಷ್ಯ, ಅವತ್ತು ಊರಿನ ಮಾತಿಗೆ ಬಿದ್ದರು. "ದಸರಾದ ವಾರದಾಗ. ಕಾಂಟ್ರಾಕ್ಟು, ಇನ್ನೂ ಎರಡ ವರ್ಷಕ್ಕ."

ನನಗೆ ಸಿಟ್ಟು ಬರಬೇಕಿತ್ತು. ಎಷ್ಟೋ ತಿಂಗಳಿಂದ ಆ ಸಿಟ್ಟನ್ನು ಕೂಡಿಟ್ಟುಕೊಂಡಿದ್ದೆ. ಬರಲಿಲ್ಲ. ಮರಳಿನ ಮೇಲೆ ಕೂತೆ. ಅವರೂ ಎದುರಿಗೆ ಕೂತರು.

"ಅಲ್ಲಿ ಬಂದು ಏನ್ ಮಾಡ್ಲಿ? ಆ ಆರು ತಿಂಗಳು ಇಂಟರ್‌ವ್ಯೂ ಅಂತ ನಿನಗ ಹೇಳಿ ಹೋಗಿ, ಆಚಿ ಬ್ಲಾಕಿನ ಕೆಳಗ, ಆ ತೆರೆದ ವಾಯ್ಡ್ ಡೆಕ್ಕಿನಾಗ, ಕಲ್ಲಿನ ಬೆಂಚಿನ ಮ್ಯಾಲ ಸಂಜೀತನಕ ಕೂತೀನಿ. ಅಲ್ಲಿ ಚೆಸ್ ಆಡೋ ಮುದುಕ್ರು ಸೈತ ನನಗ ಹಲೋ ಅನ್ನಾಕ ಶುರು ಮಾಡಿದ್ರು. ಮತ್ತ ಹಂಗ ಕೂಡ್ರಾಕ ಆಗೂದಿಲ್ಲ ನನಗ."

ನಾನು ದಿನಾ ಸಂಜೆ ಬಸ್ಸಿಳಿದು ಬಂದು, ಇವತ್ತಿನದು ಹೇಗಾಯಿತು ಎಂದು ಕೇಳುತ್ತಿದ್ದೆ. ಪರವಾಗಿಲ್ಲ, ಕರೀತಾರಂತೆ ಎನ್ನುತ್ತಿದ್ದರು. ಆದರೂ ಈಗ ಹೇಳಬೇಕಾದ್ದನ್ನು ಹೇಳಲೇಬೇಕಿತ್ತು.

"ನಾನು ಇಲ್ಲಿಗೆ ಶಿಫ್ಟ್ ಆಗಲ್ಲ ರೀ. ಇವಳ ಎಕ್ಸಾಮ್ ಇದೆ. ನನ್ನ ಕೆಲ್ಸ ಇದೆ."

"ಗೊತ್ತೈತಿ."

ನನ್ನ ಮುಷ್ಟಿಯಲ್ಲಿ ಎಲೆಗಳು ಬೆವರಿಗೆ ಅಂಟಿಕೊಂಡಿದ್ದವು. ಎಲೆ ಹಿಡಿದು ಬಂದವರಿಗೆ ಬಾಗಿಲು ಹಾಕುವಂತಿಲ್ಲವಲ್ಲ. ಅವರ ಎಲೆ ತೆಗೆದುಕೊಂಡೆ, ನನ್ನದನ್ನು ಅವರ ಅಂಗೈಗೆ ಹಾಕಿದೆ. ಕಾಲಿಗೆ ಮಾತ್ರ ಬೀಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವತ್ತು ನನ್ನಲ್ಲಿರಲಿಲ್ಲ. ಮಗಳು ಗಾಡಿಯ ಆಚೆ ಹೋಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಉಣ್ಣರಿ ಮೊದಲ" ಎಂದು ಅತ್ತೆ ಬುತ್ತಿ ಬಿಚ್ಚಿದರು. ರೊಟ್ಟಿಯೆಲ್ಲ ಪುಡಿಯಾಗಿತ್ತು. ಮೊಸರಿನಲ್ಲಿ ಕಲಸಿ ತಿಂದೆವು. ಒಂಟೆ ನೋಡಲು ಯಾರೂ ಹೋಗಲಿಲ್ಲ. ಡ್ರೈವರ್ ಎರಡು ಸಲ ಕೇಳಿ ಗಾಡಿ ತಿರುಗಿಸಿದ.

ಮನೆಗೆ ಬಂದ ಮೇಲೆ ನಾನು ಸೂಟ್‌ಕೇಸ್ ತುಂಬುತ್ತಿದ್ದೆ. ಅತ್ತೆಯ ಸೀರೆಗಳನ್ನು ಇಡಲು ಹೋದರೆ ಅವರು ನನ್ನ ಕೈ ಹಿಡಿದರು.

"ನಂದು ಇಡಬ್ಯಾಡ. ನಾ ಇಲ್ಲೇ ಇರ್ತೀನಿ, ವಿಸಾ ಎಷ್ಟ ದಿನ ಕೊಡ್ತಾರ ಅಷ್ಟ ದಿನ."

"ಮತ್ತೆ ನನಗೆ ಯಾರು, ಅತ್ತಿ?" ಆ ಮಾತು ನನ್ನ ಬಾಯಿಂದ ಬರುತ್ತದೆಂದು ನಾನೇ ಎಣಿಸಿರಲಿಲ್ಲ.

"ನಿನಗ ಮಗಳದಾಳ" ಎಂದರು ಅತ್ತೆ. "ಅಂವಗ ಒಂದ ಗಂಗಾಳ ಐತಿ."

ಬೋರಲು ಹಾಕಿದ್ದ ಅದರ ಕಡೆ ನಾನು ನೋಡಲಿಲ್ಲ. ಸೀರೆಗಳನ್ನು ತೆಗೆದು ಗಂಡನ ಕಪಾಟಿನಲ್ಲಿ ಇಟ್ಟೆ.

ಗಂಡನನ್ನು ಕರೆತರಲು ಹೋದವಳು ಅತ್ತೆಯನ್ನೂ ಅಲ್ಲೇ ಬಿಟ್ಟು ಬಂದೆ. ಚಾಂಗಿ ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಎಳೆದರೆ ಖಾಲಿ ಡಬ್ಬದಂತೆ ಹಗುರ. ಬುಕಿತ್ ಬಾಟೋಕಿನಲ್ಲಿ ಟ್ಯಾಕ್ಸಿ ಇಳಿದು ಲಿಫ್ಟಿಗೆ ಹೋಗುವಾಗ ಮಗಳು ಆಚೆ ಬ್ಲಾಕಿನ ವಾಯ್ಡ್ ಡೆಕ್ಕಿನ ಕಡೆ ನೋಡಿದಳು. ಅಲ್ಲಿ ಮುದುಕರು ಚೆಸ್ ಆಡುತ್ತಿದ್ದರು. ಒಂದು ಬೆಂಚು ಖಾಲಿ ಇತ್ತು. ನಾನು ಲಿಫ್ಟಿನ ಗುಂಡಿ ಒತ್ತಿದೆ. ಮೇಲೆ ಬಂದು ಆ ಎಲೆಗಳನ್ನು ದೇವರ ಮುಂದಿಟ್ಟೆ. ಉದುರಿ ಒಣಗಿದ್ದವು, ಪಾಕೀಟಿನವಕ್ಕಿಂತ ಹೆಚ್ಚೇನೂ ಚಂದವಿರಲಿಲ್ಲ.

ಶನಿವಾರ ಗಂಡನ ಫೋನ್ ಬಂತು. ಸಿಗ್ನಲ್ ಚೆನ್ನಾಗಿತ್ತು. ಅಮ್ಮ ಅಲ್ಲಿನ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕಿಸಿದ್ದು, ಪಕ್ಕದ ಕೋಣೆಯ ಕೇರಳದವನಿಗೆ ಶೇಂಗಾ ಚಟ್ನಿ ಕೊಟ್ಟದ್ದು ಎಲ್ಲ ಹೇಳಿದರು. ನಾನು ಹಾಸಿಗೆಯ ಮೇಲೆ ಬಿದ್ದುಕೊಂಡೇ ಹ್ಞೂಂ ಎನ್ನುತ್ತಿದ್ದೆ. ಆಯಾಸ ಇನ್ನೂ ಇಳಿದಿರಲಿಲ್ಲ.

"ಇವತ್ತು ಗಂಗಾಳ ತರಕ್ಕೆ ಹೋಗಿದ್ವಿ" ಎಂದರು. "ನಾನು ಇನ್ನೊಂದು ಸಾಕು ಅಂದೆ. ಅಮ್ಮ ಕೇಳ್ಲಿಲ್ಲ. ಒಟ್ಟು ನಾಲ್ಕು ಇರ್ಬೇಕು ಅಂದ್ಲು."

ಆಚೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು.

"ಮಾರ್ಚ್ ರಜೆಗೆ ಬರ್ತೀವಿ" ಎಂದೆ. "ಟ್ರಿಪ್ ಬುಕ್ ಮಾಡ್ಬೇಡಿ."