ರಸ್ತೆಗೆ ಮುಖಮಾಡಿದ ಕಾರು

ನಮ್ಮ ಅಂಗಳದಲ್ಲಿ ಕಾರು ಸದಾ ರಸ್ತೆಗೆ ಮುಖಮಾಡಿಯೇ ನಿಲ್ಲಬೇಕು. ಈ ನಿಯಮದ ಪಾಲನೆಗಾಗಿ ಹಿಮ್ಮುಖ ಚಾಲನೆಯಲ್ಲಿ ನಾನು ಒಗೆಯುವ ಕಲ್ಲಿನೊಡನೆ ನಡೆಸಿದ ಸಂಗ್ರಾಮಗಳ ಇತಿಹಾಸ ಕಾರಿನ ಹಿಂಭಾಗದಲ್ಲಿ ಉತ್ಕೀರ್ಣವಾಗಿದೆ. ನೀವು ವೇಣೂರಿನ ಕಡೆ ಬಂದರೆ ಬೆರಳಾಡಿಸಿ ಓದಬಹುದು.

ಬಸುರಿಯಿರುವ ಮನೆಯಲ್ಲಿ ವಾಹನ ಹೊರಟುನಿಂತಂತಿರಬೇಕು ಎಂದು ಕಲಿಸಿದವರು ಐಸಮ್ಮ. ನಮ್ಮ ಭಾಗದಲ್ಲಿ ತರಬೇತಿ ಪಡೆದು ಹೆರಿಗೆ ಮಾಡಿಸತೊಡಗಿದ ಮೊದಲಿಗರಲ್ಲಿ ಒಬ್ಬರು, ಈಗ ವೃದ್ಧೆ. ಗಲ್ಫಿನಿಂದ ಬಂದವರು ಖರ್ಜೂರ ಹಿಡಿದು ಕಾಣಲು ಹೋದರೆ, ಕುಶಲಪ್ರಶ್ನೆಗೂ ಮೊದಲು, "ಆ ದೇಶದಲ್ಲಿ ಹೆರಿಗೆಗೆ ಹೋದ ಹೆಂಗಸರೆಲ್ಲ ಮನೆಗೆ ವಾಪಸು ಬರ್ತಾರಾ?" ಎಂದು ಕೇಳುತ್ತಾರೆ. ದೊಡ್ಡ ಆಸ್ಪತ್ರೆಗಳುಂಟು ಎಂದರೆ ಬಿಡುವವರಲ್ಲ. "ಉಂಟು, ಸರಿ. ಮುಟ್ಟಲಿಕ್ಕೆ ಎಷ್ಟು ಹೊತ್ತು ಬೇಕು?" ದೇಶದೇಶಗಳನ್ನು ಅವರು ತೂಗುವುದು ಈ ಒಂದೇ ತಕ್ಕಡಿಯಲ್ಲಿ.

ಮಗಳು ಶ್ವೇತಾ ಬಸುರಿಯಾದಾಗ, ಚೊಚ್ಚಲ ಹೆರಿಗೆ ತವರಿನಲ್ಲೇ ಎಂಬ ಪದ್ಧತಿಯಂತೆ ನಾನು ಕೋಣೆಗೆ ಸುಣ್ಣ ಹೊಡೆಸಿ, ಹಂಡೆ ತಿಕ್ಕಿ, ಲೇಹ್ಯ ಕಾಯಿಸಿ ಸನ್ನದ್ಧಳಾಗಿದ್ದೆ. ಅಷ್ಟರಲ್ಲಿ ಅವಳ ರಕ್ತದೊತ್ತಡ ಏರಿತು. ಮೂಡಬಿದ್ರೆಯಲ್ಲಿ ಅವಳ ಗಂಡನ ಮನೆಗೆ ಆಸ್ಪತ್ರೆ ಬೀದಿಯ ತುದಿಯಲ್ಲೇ. ನಮಗೋ, ಹಲವು ತಿರುವುಗಳಾಚೆ. ಐಸಮ್ಮನಲ್ಲಿಗೆ ಓಡಿದೆ.

"ಅವಳನ್ನು ಇಲ್ಲಿಗೆ ತರಬೇಡ."

"ತವರು ಅಂತ ಒಂದು ಉಂಟಲ್ಲ ಐಸಮ್ಮ?"

"ತವರು ಅಂದ್ರೆ ಗೋಡೆಯಾ ಮಾರಾಯ್ತಿ? ನೀನೇ ಹೋಗು."

ಪಕ್ಕದ ಮನೆಯ ಸರೋಜಕ್ಕ ಗಲ್ಲಕ್ಕೆ ಕೈಯಿಟ್ಟರು. "ಬೀಗರ ಮನೆಯಲ್ಲಿ ಹೋಗಿ ಬಾಣಂತನ ಮಾಡ್ತೀಯಾ? ನಾಚಿಕೆ ಆಗುದಿಲ್ವಾ?"

"ಆಗ್ತದೆ. ಅದನ್ನೂ ಹಂಡೆಯೊಳಗೆ ಹಾಕಿ ತಕೊಂಡು ಹೋಗ್ತೇನೆ."

ಹೀಗೆ ನಮ್ಮ ತವರು ಹಂಡೆ, ಲೇಹ್ಯ ಸಮೇತವಾಗಿ ಕಾರು ಹತ್ತಿ ಮಗಳ ಬಳಿಗೆ ಹೊರಟಿತು. ಅಲ್ಲಿಯೂ ಅಳಿಯನ ಕಾರನ್ನು ತಿರುಗಿಸಿ ನಿಲ್ಲಿಸಿದೆ. "ಅತ್ತೆ, ಆಸ್ಪತ್ರೆಗೆ ನಡೆದೇ ಹೋಗ್ಬಹುದು" ಎಂದು ಅವನು ನಕ್ಕ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಶ್ವೇತಾ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎಂದಳು. ಯಾರೂ ನಗಲಿಲ್ಲ. ಎಂಜಲು ಕೈಯಲ್ಲೇ ಹೊರಟೆವು. "ಇನ್ನು ಸ್ವಲ್ಪ ತಡವಾಗಿದ್ದರೆ" ಎಂದು ಆರಂಭಿಸಿದ ವಾಕ್ಯವನ್ನು ವೈದ್ಯೆ ಪೂರ್ಣಗೊಳಿಸಲಿಲ್ಲ. ತಾಯಿ, ಮಗು ಇಬ್ಬರೂ ಮನೆಗೆ ವಾಪಸು ಬಂದರು.

ಬಾಣಂತನ ಮುಗಿಸಿ ಮೊನ್ನೆ ಊರಿಗೆ ಮರಳಿದವಳು, ಒಗೆಯುವ ಕಲ್ಲಿನಿಂದ ಇನ್ನೊಂದು ಗೀರನ್ನು ಸ್ವೀಕರಿಸಿ, ಕಾರನ್ನು ರಸ್ತೆಗೆ ಮುಖಮಾಡಿ ನಿಲ್ಲಿಸಿದೆ.

"ಮಗಳದ್ದು ಆಯ್ತಲ್ಲ, ಇನ್ನು ಯಾರಿಗೆ ಈ ಸರ್ಕಸ್?" ಎಂದರು ಸರೋಜಕ್ಕ. ಅವರ ಹಿಂದೆಯೇ ಜಗಲಿಯಲ್ಲಿ, ಸೊಂಟಕ್ಕೆ ಕೈಯಾನಿಸಿ, ಅವರ ತುಂಬು ಬಸುರಿ ಸೊಸೆ ನಿಂತಿದ್ದಳು.

"ಕಾರಿನ ಕೀಲಿಕೈ ಬಾಗಿಲ ಪಕ್ಕದ ಮೊಳೆಯಲ್ಲಿ ಉಂಟು" ಎಂದೆ.